ಬೀಗ ಹಾಕಿದ ವಿಳಾಸ

ಲೀಲಾಧರನನ್ನು ಥಾಣೆ ಕಡೆಯ ಶಹಾಡಿನ ಸ್ಕ್ಯಾನ್ ಸೆಂಟರಿಗೆ ಕರೆತಂದಾಗ ಬೆಳಿಗ್ಗೆ ಹತ್ತೂ ಇಪ್ಪತ್ತು. ಹತ್ತಿರದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವನು ಅಡುಗೆಯವನು. ಎಂಟೂ ಹತ್ತಕ್ಕೆ ಇಡ್ಲಿಯ ತಟ್ಟೆ ಇಳಿಸುತ್ತಿದ್ದಾಗ ಬಲಗೈ ಸೋತು, ಬಾಯಿ ಓರೆಯಾಗಿ, ಅಲ್ಲೇ ಕುಸಿದಿದ್ದ. ಪಕ್ಕದ ಸಣ್ಣ ಆಸ್ಪತ್ರೆಯ ಡಾಕ್ಟರು ಮೊದಲು ತಲೆಯ ಸ್ಕ್ಯಾನ್ ಆಗಲಿ ಎಂದು ಕಳಿಸಿದ್ದರು. ಮಿದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಕರಗಿಸುವ ಇಂಜೆಕ್ಷನ್ ಇದೆ. ಒಳಗೆ ರಕ್ತಸ್ರಾವವಾಗಿದ್ದರೆ ಅದೇ ಇಂಜೆಕ್ಷನ್ ಪ್ರಾಣ ತೆಗೆಯುತ್ತದೆ. ಯಾವುದೆಂದು ಸ್ಕ್ಯಾನ್ ನೋಡಿ ತಜ್ಞರು ಹೇಳಬೇಕು, ಅದೂ ಕುಸಿದ ನಾಲ್ಕೂವರೆ ಗಂಟೆಯೊಳಗೆ. ಹನ್ನೆರಡೂ ನಲವತ್ತು ದಾಟಿದರೆ ಕೊಡುವಂತಿಲ್ಲ.

ಆ ಹೊತ್ತಿಗೆ ರಮಿತಾ ಅಲ್ಲೇ ಇದ್ದಳು. ಡೊಂಬಿವ್ಲಿಯಲ್ಲಿ ಹುಟ್ಟಿ ಬೆಳೆದ, ಉಡುಪಿ ಕಡೆಯ ಮನೆಯ ಹುಡುಗಿ. ಥಾಣೆಯಿಂದ ಖಾರಘರದವರೆಗೆ ಐದು ಸ್ಕ್ಯಾನ್ ಸೆಂಟರುಗಳಿದ್ದ ಆ ಕಂಪನಿಯ ನೆಟ್‌ವರ್ಕ್ ಪೂರ್ತಿ ಅವಳೊಬ್ಬಳ ತಲೆಯ ಮೇಲಿತ್ತು. ಸೆಂಟರುಗಳಲ್ಲಿ ತೆಗೆದ ಚಿತ್ರಗಳು ಥಾಣೆಯ ಘೋಡಬಂದರ್ ರಸ್ತೆಯ ಮುಖ್ಯ ಕಚೇರಿಯ ಸರ್ವರಿಗೆ ಹೋಗುತ್ತಿದ್ದವು. ಹನ್ನೊಂದು ಮಂದಿ ತಜ್ಞ ಡಾಕ್ಟರರು ತಂತಮ್ಮ ಮನೆಯಿಂದ ವಿಪಿಎನ್ ಎಂಬ ಖಾಸಗಿ ದಾರಿಯಲ್ಲಿ ಆ ಸರ್ವರಿಗೆ ಬಂದು ಚಿತ್ರ ನೋಡಿ ರಿಪೋರ್ಟ್ ಬರೆಯುತ್ತಿದ್ದರು.

ಹಿಂದೆ ಆ ದಾರಿಯ ವಿಳಾಸ, ಗುಪ್ತ ಕೀಲಿ ಎಲ್ಲವನ್ನೂ ಡಾಕ್ಟರರೇ ಟೈಪ್ ಮಾಡಿಕೊಳ್ಳಬೇಕಿತ್ತು. ಒಬ್ಬರು ಚುಕ್ಕೆ ಬಿಡುವರು, ಒಬ್ಬರು ಏನನ್ನೋ ಒತ್ತಿ ಎಲ್ಲವನ್ನೂ ಅಳಿಸುವರು. ರಮಿತಾಳ ಫೋನಿಗೆ ಬಿಡುವೇ ಇರಲಿಲ್ಲ. ಅದಕ್ಕೇ ಮೂರು ವಾರ ಕೂತು ಅವಳು ಒಂದು ಪ್ಯಾಕೇಜ್ ಕಟ್ಟಿದಳು. ಎಲ್ಲವನ್ನೂ ಮೊದಲೇ ತುಂಬಿಸಿಟ್ಟ ಒಂದು ಐಕಾನ್; ಡಾಕ್ಟರರು ಅದನ್ನು ಒತ್ತಿ ತಮ್ಮ ಪಾಸ್‌ವರ್ಡ್ ಹಾಕಿದರೆ ಸಾಕು. ಯಾರೂ ಕೈಯಾಡಿಸದಂತೆ ಒಳಗಿನ ವಿಳಾಸಕ್ಕೆ ಬೀಗ ಹಾಕಿದ್ದಳು. ಭಾನುವಾರ ಹಳೆಯ ದಾರಿ ಮುಚ್ಚಿ ಹೊಸದನ್ನು ಶುರು ಮಾಡಿದ್ದಾಯಿತು. ಸೋಮವಾರ ಸೆಂಟರಿನವರಿಗೆ ತೋರಿಸಿಕೊಡಲು ಶಹಾಡಿಗೆ ಬಂದಿದ್ದಳು.

ಮುಖ್ಯ ಕಚೇರಿಗೆ ಎರಡು ಇಂಟರ್ನೆಟ್ ಲೈನುಗಳಿದ್ದವು. ಪ್ಯಾಕೇಜಿನಲ್ಲಿ ಇದ್ದದ್ದು ಮೊದಲನೆಯದರ ವಿಳಾಸ ಮಾತ್ರ. ಎರಡನೆಯದನ್ನೂ ಸೇರಿಸಿ ಮತ್ತೆ ಪರೀಕ್ಷೆ ಮಾಡಲು ನಾಲ್ಕು ದಿನ ಬೇಕಿತ್ತು. ಮ್ಯಾನೇಜರ್ ಹಯಗ್ರೀವರು ಅವಸರಪಡಿಸಿದಾಗ, ಮುಂದಿನ ವಾರ ಸೇರಿಸಿದರಾಯಿತು ಎಂದುಕೊಂಡಿದ್ದಳು.

ಟೆಕ್ನಿಶಿಯನ್ ಮುರಾರಿ ಸ್ಕ್ಯಾನ್ ಮುಗಿಸಿ ಚಿತ್ರಗಳನ್ನು ಕಳಿಸಿದ. ಖಾರಘರದ ಡಾ. ವಸಂತಕುಮಾರರ ಪಾಳಿ. ಹತ್ತು ನಿಮಿಷಕ್ಕೆ ಬರಬೇಕಾದ ರಿಪೋರ್ಟ್ ಹನ್ನೊಂದಾದರೂ ಬರಲಿಲ್ಲ. ಬಂದದ್ದು ಅವರ ಫೋನು.

"ಏನಮ್ಮ ಇದು, ನಿನ್ನ ಐಕಾನ್ ಸುಮ್ನೆ ಸುತ್ತುತ್ತಾನೇ ಇದೆ. ಒಳಗೇ ಬಿಡ್ತಾ ಇಲ್ವಲ್ಲ?"

ಇನ್ನೊಬ್ಬ ಡಾಕ್ಟರಿಗೆ ಫೋನ್ ಮಾಡಿದಳು, ಅವರಿಗೂ ಹಾಗೇ. ಹಯಗ್ರೀವರಿಗೆ ಮಾಡಿದಳು.

"ನಮ್ಮ ಗೇಟಿನೆದುರು ರಸ್ತೆ ಅಗೆಯುತ್ತಾ ಇದ್ದಾರೆ ಮಾರಾಯ್ತಿ, ಕೇಬಲ್ ತುಂಡಾಯ್ತಂತೆ. ಆದ್ರೆ ನಮ್ಮದು ಎರಡನೇ ಲೈನು ಉಂಟಲ್ಲ? ಇಲ್ಲಿ ಎಲ್ಲ ನಡೀತಾ ಉಂಟು."

ಸೆಂಟರುಗಳು ತಾವಾಗಿ ಎರಡನೇ ಲೈನಿಗೆ ಹೊರಳಿದ್ದವು. ಹನ್ನೊಂದು ಲ್ಯಾಪ್‌ಟಾಪುಗಳು ಮಾತ್ರ ಸತ್ತ ವಿಳಾಸದ ಬಾಗಿಲನ್ನೇ ತಟ್ಟುತ್ತಿದ್ದವು. ವಿಳಾಸ ಬದಲಿಸಲು ಯಾರಿಂದಲೂ ಆಗದು. ಹಾಗೆ ಮಾಡಿದವಳು ಅವಳೇ.

ಮುರಾರಿ ಸ್ಕ್ರೀನಿನ ಫೋಟೋ ತೆಗೆದು ಡಾ. ವಸಂತಕುಮಾರರ ವಾಟ್ಸಾಪಿಗೆ ಹಾಕಿದ. ಅವರು ಮರಳಿ ಫೋನ್ ಮಾಡಿದರು. "ಎಡಗಡೆ ಒಂದು ಬಿಳಿ ಚುಕ್ಕೆ ಥರ ಕಾಣ್ತಾ ಇದೆ. ಸ್ಕ್ರೀನಿನ ಹೊಳಪೋ, ರಕ್ತಾನೋ ಗೊತ್ತಾಗ್ತಿಲ್ಲ. ಇದನ್ನ ನೋಡಿ ಇಂಜೆಕ್ಷನ್ ಕೊಡಿ ಅಂತ ನಾನು ಹೇಳಲ್ಲ. ಪೂರ್ತಿ ಚಿತ್ರ ಬೇಕು."

"ಪೆನ್‌ಡ್ರೈವಿಗೆ ಹಾಕಿ ಕಳಸೂಣು ಅಂದ್ರ ಮಷೀನಿನ ಕಿಂಡಿ ನೀವss ಬಂದ್ ಮಾಡ್ಸೀರಿ ಮೇಡಂ," ಎಂದ ಮುರಾರಿ. ಅವನು ವಿಜಯಪುರದ ಕಡೆಯವನು, ಆಡಿಕೊಂಡು ಹೇಳಿದ್ದಲ್ಲ. ಹೋದ ವರ್ಷ ವೈರಸ್ ಬಂದ ಮೇಲೆ ಮುಚ್ಚಿಸಿದ್ದು ನಿಜ.

ಹೊರಗೆ ಬೆಂಚಿನ ಮೇಲೆ ಲೀಲಾಧರನ ಹೆಂಡತಿ ಹರಿಣಾಕ್ಷಿ ಕೂತಿದ್ದಳು. ಮನೆಯ ನೈಟಿಯ ಮೇಲೆ ವೇಲು ಹೊದ್ದು ಓಡಿಬಂದಿದ್ದಳು. ಸ್ಟ್ರೆಚರಿನಲ್ಲಿದ್ದ ಗಂಡನ ಎಡಗೈ ಅವಳ ಕೈಯಲ್ಲಿತ್ತು. ರಮಿತಾ ಫೋನಿನಲ್ಲಿ ಅಮ್ಮನಿಗೆ ತುಳುವಿನಲ್ಲಿ ಎರಡು ಮಾತು ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು.

"ಈರ್ ತುಳುವೆರಾ?" ಎಂದು ಎದ್ದೇಬಿಟ್ಟಳು. ಹೌದೆಂದು ತಲೆಯಾಡಿಸಿದ್ದೇ ತಡ, ರಮಿತಾಳ ಕೈ ಹಿಡಿದುಕೊಂಡಳು. ಆಮೇಲಿನ ಮಾತೆಲ್ಲ ತುಳುವಿನಲ್ಲೇ. "ದೇವರೇ ಕಳಿಸಿದ ಹಾಗೆ ಸಿಕ್ಕಿದಿರಿ ತಂಗಿ. ಇಲ್ಲಿ ತಡ ಆಗುದಾದ್ರೆ ಹೇಳಿ, ಇವರನ್ನು ಕಲ್ಯಾಣದ ದೊಡ್ಡ ಆಸ್ಪತ್ರೆಗೆ ಕೊಂಡುಹೋಗ್ಲಾ? ರಿಕ್ಷಾದವ ಇನ್ನೂ ನಿಂತಿದ್ದಾನೆ."

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಹದಿನೈದು. ಕಲ್ಯಾಣಕ್ಕೆ ಇಪ್ಪತ್ತು ನಿಮಿಷ. ಅಲ್ಲಿ ಮತ್ತೆ ಸ್ಕ್ಯಾನ್ ಆದರೂ ಸಮಯ ಮಿಗುತ್ತಿತ್ತು. ಅದು ರಮಿತಾಳಿಗೆ ಹೊಳೆಯದೇ ಇರಲಿಲ್ಲ. ಆದರೆ ತಾನು ಕಟ್ಟಿದ್ದನ್ನು ತಾನು ಸರಿಪಡಿಸಬಲ್ಲೆ ಎಂಬ ಧೈರ್ಯ ಅದಕ್ಕಿಂತ ಮುಂದೆ ನಿಂತಿತ್ತು.

"ಬೇಡ ಅಕ್ಕ. ಹತ್ತು ನಿಮಿಷ. ಆಗ್ತದೆ."

ಹೊಸ ಪ್ಯಾಕೇಜ್ ಕಟ್ಟುವ ಸಾಮಗ್ರಿಯೆಲ್ಲ ಅವಳ ಕಚೇರಿಯ ಕಂಪ್ಯೂಟರಿನಲ್ಲಿತ್ತು. ಉಳಿದದ್ದು ಒಂದೇ ದಾರಿ: ಡಾಕ್ಟರರ ಲ್ಯಾಪ್‌ಟಾಪಿನಲ್ಲಿ ಹೊಸದೊಂದು ಸಂಪರ್ಕವನ್ನು ಅವರ ಕೈಯಿಂದಲೇ, ಫೋನಿನಲ್ಲಿ ಹೇಳಿಕೊಟ್ಟು ಮಾಡಿಸುವುದು. ಯಾರಿಗೂ ಹೇಳಬಾರದ ಅಡ್ಮಿನ್ ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಹೇಳಿದಳು. ಅರವತ್ತೆರಡರ ವಸಂತಕುಮಾರರು ಕನ್ನಡಕ ಬದಲಿಸಿಕೊಂಡು ಒತ್ತುತ್ತಾ ಹೋದರು.

"ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂತ ಉಂಟು ಸರ್."

"ಇಲ್ಲಿಲ್ವಲ್ಲಮ್ಮ. ಬ್ಲೂಟೂತ್ ಅಂತಿದೆ."

"ಅದರ ಕೆಳಗೆ ಸರ್. ಕೆಳಗೆ, ಕೆಳಗೆ."

ಅಲ್ಲಿಗೆ ಮುಟ್ಟಲು ಇಪ್ಪತ್ತು ನಿಮಿಷ ಹಿಡಿಯಿತು. ಇಪ್ಪತ್ತನಾಲ್ಕು ಅಕ್ಷರಗಳ ಗುಪ್ತ ಕೀಲಿ ಹಯಗ್ರೀವರ ಕಪಾಟಿನ ರಿಜಿಸ್ಟರಿನಲ್ಲಿತ್ತು. ಮುರಾರಿಯ ಫೋನಿನಲ್ಲಿ ಅವರು ಓದಬೇಕು, ತನ್ನ ಫೋನಿನಲ್ಲಿ ರಮಿತಾ ಅದನ್ನು ಡಾಕ್ಟರರಿಗೆ ದಾಟಿಸಬೇಕು. ಕಪಾಟಿನ ಬೀಗದ ಕೈ ಹುಡುಕುವುದರಲ್ಲೇ ಮತ್ತೊಂದು ಕಾಲು ಗಂಟೆ.

"ಇದು ಸೊನ್ನೆಯಾ, ಓ ಅಕ್ಷರವಾ? ನಿನ್ನದೇ ಕೈಬರಹ," ಎಂದರು ಹಯಗ್ರೀವರು.

ಅವಳಿಗೆ ನೆನಪಿರಲಿಲ್ಲ. ಸೊನ್ನೆ ಎಂದಳು. ಸಂಪರ್ಕ ಆಗಲಿಲ್ಲ. ಓ ಎಂದಳು. ಆಗಲಿಲ್ಲ. ಥಾಣೆಯಲ್ಲೇ ಮನೆಯಿದ್ದ ಡಾ. ನಿಕಿತಾ ನೇರವಾಗಿ ಕಚೇರಿಗೇ ಹೋಗಿ ನೋಡುತ್ತೇನೆಂದು ಕಾರಿನಲ್ಲಿ ಹೊರಟಿದ್ದರು. ಅಗೆದ ರಸ್ತೆಯ ಟ್ರಾಫಿಕ್‌ನಲ್ಲಿ ಅಲುಗಾಡಲಾಗದೆ ನಿಂತಿದ್ದೇನೆಂದು ಅವರ ಮೆಸೇಜ್ ಬಂತು. ಮೂರನೇ ಸಲ ಡಾಕ್ಟರರು ಒಂದಕ್ಷರ ಎರಡು ಬಾರಿ ಒತ್ತಿಬಿಟ್ಟರು. ಆಮೇಲೆ ಸರ್ವರಿನಿಂದ ಉತ್ತರವೇ ನಿಂತುಹೋಯಿತು.

ಮೂರು ಸಲ ತಪ್ಪಿದರೆ ಆ ಮನೆಯ ಇಂಟರ್ನೆಟ್ಟಿನಿಂದ ಬರುವುದನ್ನೇ ಸರ್ವರ್ ಅರ್ಧ ಗಂಟೆ ತಡೆಹಿಡಿಯುವ ನಿಯಮ. ಕಳ್ಳರಿಗೆಂದು ಅವಳೇ ಇಟ್ಟದ್ದು. ಹನ್ನೆರಡೂ ಇಪ್ಪತ್ತೈದು. ಬಾಗಿಲ ಗಾಜಿನಾಚೆ ಹರಿಣಾಕ್ಷಿ ರಮಿತಾಳ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಇನ್ನೂ ನಂಬಿಕೆ ಇತ್ತು.

"ಮೇಡಂ, ಏನರ ಮಾಡ್ರಿ," ಎಂದ ಮುರಾರಿ.

ಮನೆಯ ಇಂಟರ್ನೆಟ್ ತಡೆದಿದ್ದರೆ ಡಾಕ್ಟರರ ಮೊಬೈಲಿನ ಇಂಟರ್ನೆಟ್ ಇದೆಯಲ್ಲ! ಹಾಗೆಂದು ಹೊಳೆಯಲು ಐದು ನಿಮಿಷ ಹೋಯಿತು. ಹಾಟ್‌ಸ್ಪಾಟ್ ಹಾಕುವ ಬಗೆ ಅವರಿಗೆ ತಿಳಿಯದು. ಹೇಳಿಕೊಡುತ್ತಿದ್ದಾಗಲೇ ಕರೆ ಎರಡು ಸಲ ಕಡಿಯಿತು. ಕೊನೆಗೆ ಕೀಲಿಯನ್ನು ಇನ್ನೊಮ್ಮೆ, ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ, ನಿಧಾನಕ್ಕೆ ಹೇಳಿದಳು. ಹೇಳುತ್ತಿದ್ದ ಹಾಗೆ ಅವಳಿಗೇ ನೆನಪಾಯಿತು: ಓ ಅಲ್ಲ, ಸೊನ್ನೆಯೂ ಅಲ್ಲ, ಅದು ಡಿ.

"ಬಂತಮ್ಮ! ಬಂತು!" ಎಂದು ಡಾಕ್ಟರರು ಕೂಗಿದಾಗ ಹನ್ನೆರಡೂ ಐವತ್ತೊಂದು.

ನಾಲ್ಕು ನಿಮಿಷದಲ್ಲಿ ಅವರು ನೋಡಿ ಮುಗಿಸಿದರು. ರಕ್ತಸ್ರಾವ ಇಲ್ಲ. ಬಿಳಿ ಚುಕ್ಕೆ ಸ್ಕ್ರೀನಿನ ಹೊಳಪೇ ಆಗಿತ್ತು.

ಮುರಾರಿ ರಿಪೋರ್ಟ್ ಹಿಡಿದು ಆಸ್ಪತ್ರೆಗೆ ಓಡಿದ. ಅಲ್ಲಿಯ ಡಾಕ್ಟರು ಗಡಿಯಾರ ನೋಡಿ, ಅವಧಿ ಮುಗಿದಿದೆ, ಈಗ ಇಂಜೆಕ್ಷನ್ ಕೊಟ್ಟರೆ ಅಪಾಯವೇ ಹೆಚ್ಚು, ಕೊಡಲಾರೆ ಎಂದರು. ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆಂಬುಲೆನ್ಸ್ ಹತ್ತುವಾಗಲೂ ಹರಿಣಾಕ್ಷಿ ತಿರುಗಿ, "ತುಂಬಾ ಉಪಕಾರ ಆಯ್ತು ತಂಗಿ," ಎಂದಳು.

ಲೀಲಾಧರ ಬದುಕಿದ. ಬಲಗೈ ಎತ್ತಲಾಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು.

ಕಚೇರಿಯಲ್ಲಿ ಯಾರೂ ರಮಿತಾಳನ್ನು ಬಯ್ಯಲಿಲ್ಲ. "ರಸ್ತೆ ಅಗೆದವರು ಮಾಡಿದ್ದಕ್ಕೆ ನೀನು ಯಾಕೆ ತಲೆ ಕೆಡಿಸಿಕೊಳ್ಳುದು?" ಎಂದರು ಹಯಗ್ರೀವರು. ಡಾ. ವಸಂತಕುಮಾರರು, "ಟೈಮಿಗೆ ಇಂಜೆಕ್ಷನ್ ಕೊಟ್ಟಿದ್ರೂ ಎಲ್ಲರೂ ಚೇತರಿಸ್ಕೊಳಲ್ಲಮ್ಮ. ಇವರು ಚೇತರಿಸ್ಕೊಳ್ತಿದ್ರೋ ಇಲ್ವೋ, ಯಾರಿಗ್ಗೊತ್ತು?" ಎಂದರು. ಎರಡೂ ವಿಳಾಸಗಳಿರುವ ಹೊಸ ಪ್ಯಾಕೇಜನ್ನು ಅವಳು ಎರಡೇ ದಿನದಲ್ಲಿ ಕಟ್ಟಿ ಹಂಚಿದ್ದಳು. ನಾಲ್ಕು ದಿನ ಬೇಕೆಂದಿದ್ದ ಕೆಲಸ. ಊಟ ಸೇರುತ್ತಿರಲಿಲ್ಲ. ಲೋಕಲ್ ರೈಲಿನಲ್ಲಿ ನಿಂತಿದ್ದಾಗ "ಹತ್ತು ನಿಮಿಷ, ಆಗ್ತದೆ" ಎಂಬ ತನ್ನದೇ ದನಿ ಕೇಳಿ ಬೆವರುತ್ತಿದ್ದಳು.

ಆರನೇ ವಾರ, ಒಂದು ಭಾನುವಾರ ಮಧ್ಯಾಹ್ನ, ಮುರಾರಿಯಿಂದ ವಿಳಾಸ ತಿಳಿದು ಅವರ ಮನೆಗೆ ಹೋದಳು. ಶಹಾಡ್ ಸ್ಟೇಷನ್ನಿನ ಹಿಂದೆ, ಚಾಳಿನ ಎರಡನೇ ಮಾಳಿಗೆ. ಹರಿಣಾಕ್ಷಿ ಗಂಡನಿಗೆ ಗಂಜಿ ಕುಡಿಸುತ್ತಿದ್ದಳು. ಅವಳನ್ನು ಕಂಡು ಮುಖ ಅರಳಿಸಿ ಚಾ ಇಡಲು ಎದ್ದಳು.

"ಚಾ ಬೇಡ ಅಕ್ಕ. ಮೊದಲು ನಾನು ಹೇಳುದು ಕೇಳಿ."

ಎಲ್ಲವನ್ನೂ ಹೇಳಿದಳು. ಸೇರಿಸದೆ ಬಿಟ್ಟ ಎರಡನೇ ವಿಳಾಸ, ತಾನು ಹಾಕಿದ ಬೀಗ, ಆಮೇಲೆ ಕಲ್ಯಾಣಕ್ಕೆ ಹೋಗಬೇಡಿ ಎಂದದ್ದು. "ಅವತ್ತು ನೀವು ಹೊರಟಿದ್ರೆ ಟೈಮಿಗೆ ಮುಟ್ಟುತ್ತಿದ್ರಿ. ನಿಲ್ಲಿಸಿದ್ದು ನಾನು."

ಹರಿಣಾಕ್ಷಿಗೆ ಮೊದಲ ಎರಡು ಅರ್ಥವಾಗಲಿಲ್ಲ. ಕೊನೆಯದು ಅರ್ಥವಾಯಿತು. ಕೈಯಲ್ಲಿದ್ದ ಬಟ್ಟಲನ್ನು ನೆಲಕ್ಕಿಟ್ಟಳು.

"ನಮ್ಮ ಭಾಷೆಯವರು ಅಂತ ನಿಮ್ಮ ಮಾತು ಕೇಳಿದ್ದು ನಾನು," ಎಂದಳು. "ಮರಾಠಿಯಲ್ಲಿ ಯಾರಾದ್ರೂ ಹೇಳಿದ್ರೆ ಹೊರಟೇ ಹೋಗ್ತಿದ್ದೆ. ಆರು ವಾರದಿಂದ ದೇವರಿಗೆ ಕೈ ಮುಗಿಯುವಾಗ ನಿಮ್ಮನ್ನೂ ನೆನೆಸ್ತಾ ಇದ್ದೆನಲ್ಲ!" ದನಿ ಏರಿತು. ಪಕ್ಕದ ಖೋಲಿಯವರು ಬಾಗಿಲಿಗೆ ಬಂದು ಇಣುಕಿದರು. "ಈಗ ಬಂದು ಯಾಕೆ ಹೇಳುದು? ನಿಮ್ಮ ಮನಸ್ಸು ಹಗುರ ಆಗ್ಲಿಕ್ಕಾ?"

ರಮಿತಾಳಿಗೆ ಅದೂ ಇದ್ದೀತು ಎನಿಸಿ ನಾಚಿಕೆಯಾಯಿತು.

ಲೀಲಾಧರ ಏನೋ ಹೇಳಲು ತಡವರಿಸಿದ. ಹರಿಣಾಕ್ಷಿ ಅವನ ಬಾಯಿಯ ಹತ್ತಿರ ಕಿವಿಯೊಡ್ಡಿ ಎರಡು ಮೂರು ಸಲ ಕೇಳಿಸಿಕೊಂಡಳು. ಆಮೇಲೆ ಎದ್ದು, ಹಳೆಯ ನೋಟ್‌ಬುಕ್ಕೊಂದನ್ನು ತಂದಳು.

"ಬರೆದು ಕೊಡ್ಲಿ ಅಂತಾರೆ. ಈಗ ಹೇಳಿದ್ದನ್ನೇ. ಕೊಡ್ತೀರಾ?"

ಆ ಕಾಗದ ಕಂಪನಿಗೆ ಹೋಗುತ್ತದೆ, ಅಲ್ಲಿಂದ ಕೋರ್ಟಿಗೂ ಹೋಗಬಹುದು. ತನ್ನ ಕೆಲಸ ಉಳಿಯದು. ರಮಿತಾ ಪೆನ್ನು ತೆಗೆದುಕೊಂಡಳು, ಆದರೆ ತೆರೆದ ಹಾಳೆಯ ಮೇಲೆ ಅವಳ ಕೈ ನಿಂತಿತು. "ನನಗೆ ಕನ್ನಡ ಬರೀಲಿಕ್ಕೆ ಬರುದಿಲ್ಲ ಅಕ್ಕ. ಇಂಗ್ಲಿಷಿನಲ್ಲಿ..."

"ನನಗೆ ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ. ನೀವು ಹೇಳಿ, ನಾನು ಬರೀತೇನೆ."

ಊರಿನ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಕಲಿತವಳು ಹರಿಣಾಕ್ಷಿ. ನೆಲದ ಮೇಲೆ ಕೂತು, ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಗೆ ಬರೆಯತೊಡಗಿದಳು. ರಮಿತಾ ಒಂದೊಂದೇ ವಾಕ್ಯ ಹೇಳಿದಳು. ಒಂದು ಕಡೆ ಹರಿಣಾಕ್ಷಿ ಬರೆಯುವುದನ್ನು ನಿಲ್ಲಿಸಿ, "ಎಷ್ಟು ಗಂಟೆಗೆ ನೀವು ಬೇಡ ಅಂದದ್ದು?" ಎಂದು ಕೇಳಿದಳು.

"ಹನ್ನೊಂದೂ ಹದಿನೈದು."

ಅದನ್ನು ಅವಳು ಅಂಕೆಯಲ್ಲಿ ಬರೆದು, ಮೇಲೆ ಅಕ್ಷರದಲ್ಲೂ ಬರೆದಳು. ಹಾಳೆ ತುಂಬಿದ ಮೇಲೆ ರಮಿತಾ ಕೆಳಗೆ ಇಂಗ್ಲಿಷಿನಲ್ಲಿ ಸಹಿ ಹಾಕಿ, ತನ್ನ ಫೋನ್ ನಂಬರನ್ನೂ ಬರೆದಳು. ಹರಿಣಾಕ್ಷಿ ಅವಳನ್ನು ಕೂರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಗಂಡನ ಬಳಿಗೆ ಸರಿದು, ಬರೆದದ್ದನ್ನು ಮೊದಲಿನಿಂದ ಗಟ್ಟಿಯಾಗಿ ಓದಿ ಕೇಳಿಸತೊಡಗಿದಳು.