ಬೆರಕೆ ಸೊಪ್ಪು

ಲಂಟಾನದ ಬೇಲಿ ಹಾಕಿದ್ದು ನಾನೇ ಕಣ್ರೀ. ದನ ಬಾಯಿ ಹಾಕಲ್ಲ, ಕಾಯೋ ಕೆಲಸ ತಪ್ಪುತ್ತೆ ಅಂತ ಹನಗೋಡಿನ ಕಾಡಂಚಿಂದ ಕಡ್ಡಿ ತಂದು ಹೊಲದ ಸುತ್ತ ನೆಟ್ಟೆ. ನನ್ನ ಹೆಂಡ್ತಿ ಚಿಕ್ಕಬೀರಮ್ಮ ಬ್ಯಾಡ ಅಂದ್ಲು. "ಬದುವಿನ ಮೇಲೆ ತಾನಾಗೇ ಹುಟ್ಟೋ ಸೊಪ್ಪನ್ನೆಲ್ಲ ಇದು ನುಂಗಾಕ್ತದೆ. ಬೆರಕೆ ಸೊಪ್ಪಿಗೆ ನಾನೆಲ್ಲಿಗೆ ಹೋಗ್ಲಿ?" ಅಂದ್ಲು. ಸೊಪ್ಪೇನು ಚಿನ್ನವಾ, ಸಂತೇಲಿ ತತ್ತೀನಿ ಬುಡು ಅಂತ ರೇಗಿದೆ.

ಹತ್ತು ವರ್ಷದಲ್ಲಿ ಲಂಟಾನ ಬದುವನ್ನೂ ತಿಂತು, ಅರ್ಧ ಹೊಲವನ್ನೂ ತಿಂತು. ಹೋದ ವರ್ಷ ಅವಳು ತೀರಿಕೊಂಡ್ಲು.

ಪಿತೃಪಕ್ಷಕ್ಕೆ ಅವಳ ಎಡೆಗೆ ಬೆರಕೆ ಸೊಪ್ಪಿನ ಉಪ್ಸಾರು ಇಡಬೇಕು ಅಂತ ಈ ಬೇಸಿಗೇಲಿ ಗುದ್ದಲಿ ಹಿಡಿದೆ. ಲಂಟಾನವನ್ನ ಮೇಲೆ ಕಡಿದ್ರೆ ಎರಡರಷ್ಟು ಚಿಗುರ್ತದೆ. ಬುಡ ಸಮೇತ ಅಗೆದು, ಬೇರು ಮೇಲೆ ಮಾಡಿ ಒಣಗೋಕೆ ಹಾಕಬೇಕು. ಎರಡು ತಿಂಗಳು ಒಬ್ಬನೇ ಅಗೆದೆ, ಮೈಕೈಯೆಲ್ಲ ತರಚಿಹೋಯ್ತು.

ಮಳೆ ಬಿದ್ದ ವಾರಕ್ಕೆ ಹೋಗಿ ನೋಡಿದ್ರೆ ಬದುವಿನ ತುಂಬ ಹಸಿರು. ಕುಕ್ಕರುಗಾಲಲ್ಲಿ ಕೂತೆ. ದುಂಡನೆ ಎಲೆದು, ಉದ್ದನೆ ಎಲೆದು, ಕೆಂಪು ದಂಟಿಂದು, ಏನೇನೋ ಹುಟ್ಟಿದ್ವು. ಅವಳು ಮಡಿಲು ತುಂಬ ಕಿತ್ತು ತರೋಳು, ನಾನು ಮುದ್ದೆ ಜೊತೆ ಉಣ್ಣೋನು. ನಲವತ್ತು ವರ್ಷ ಉಂಡೆ. ಇದ್ಯಾವ ಸೊಪ್ಪು ಅಂತ ಒಂದು ದಿನಾನೂ ಕೇಳಲಿಲ್ಲ.

ಅಷ್ಟು ಹಸಿರಲ್ಲಿ ನನಗೆ ಗುರುತು ಸಿಕ್ಕಿದ್ದು ಒಂದೇ ಸಸಿ. ಅದು ಲಂಟಾನ.

ಅದನ್ನ ಕಿತ್ತೆ. ಮಿಕ್ಕಿದ್ದನ್ನ ಮುಟ್ಟದೆ ಎದ್ದು ಬಂದೆ.