ಮೂರನೆಯ ಹಲಗೆ

"ಉಳಿದಿದ್ದನ್ನೆಲ್ಲ ನೀವೇ ಹಾಕಿದ್ರಲ್ಲ ಅತ್ತಿಗೆ, ಒಂದು ಥ್ಯಾಂಕ್ಸ್ ಕೂಡ ಹೇಳಿರ್ಲಿಲ್ಲ ನಾನು," ಎಂದ ಮೈದುನ, ಕ್ರೇನಿನ ಪಟ್ಟಿಗಳಲ್ಲಿ ತೂಗುತ್ತಿದ್ದ ದೋಣಿಯ ತಳವನ್ನು ಬಟ್ಟೆಯಿಂದ ಒರೆಸುತ್ತ.

"ಏನು ಉಳಿದಿದ್ದು?"

"ತಿರುಪು. ಆವತ್ತು ಮಗಳು ಸ್ಕೂಲಲ್ಲಿ ಬಿದ್ಲು ಅಂತ ಫೋನ್ ಬಂತಲ್ಲ, ಎಡಗಡೆ ಮೂರನೇ ಹಲಗೆಗೆ ಹನ್ನೊಂದು ಹಾಕಿ ಓಡಿಬಿಟ್ಟೆ. ಮಾರನೇ ದಿನ ಬಂದು ನೋಡಿದ್ರೆ ಇಪ್ಪತ್ತಾರಕ್ಕೂ ಬಿರಡೆ ಕೂತಿತ್ತು. ನಮ್ಮತ್ತಿಗೆ ಅಂದ್ರೆ ಸುಮ್ನೇನಾ ಅಂದ್ಕೊಂಡೆ."

ಅತ್ತಿಗೆ ಜನ್ಮದಲ್ಲಿ ಒಂದು ತಿರುಪನ್ನೂ ಹಾಕಿದವಳಲ್ಲ.

ದೋಣಿ ಕಟ್ಟುವ ಆ ಶೆಡ್ಡಿನಲ್ಲಿ ತಿರುಪು ಹಾಕುವುದು ಮೈದುನನ ಕೆಲಸ, ತಿರುಪಿನ ತಲೆಯ ಮೇಲೆ ಉಳಿಯುವ ಕುಳಿಗೆ ಅಂಟು ಹಚ್ಚಿ ಮರದ ಪುಟ್ಟ ಬಿರಡೆ ಕೂರಿಸಿ ಸಪಾಟು ಮಾಡುವುದು ಅವಳ ಕೆಲಸ. ಒಂದು ಸಾಲು ಮುಗಿಯಿತೆಂದರೆ ಅವನು ಹಲಗೆಯ ತುದಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಗೆರೆ ಕಂಡರೆ ಅವಳು ಶುರು. ಅಂಟು ಗಟ್ಟಿಯಾಗುವ ಮೊದಲು ಸಾಲು ಮುಗಿಸಬೇಕು, ಕುಳಿಯೊಳಗೆ ಇಣುಕುತ್ತ ಕೂರಲು ಪುರುಸೊತ್ತೆಲ್ಲಿ?

"ಗೆರೆ ಇತ್ತಲ್ಲೋ," ಎಂದಳು.

ಮೈದುನನ ಕೈ ನಿಂತಿತು. "ಒಂದೊಂದ್ಸಲ ಮೊದಲೇ ಎಳೆದುಬಿಡ್ತೀನಿ. ಆಮೇಲೆ ಮರೆಯೋದು ಬೇಡ ಅಂತ."

ಇಬ್ಬರೂ ಮೇಲೆ ನೋಡಿದರು. ತಳಕ್ಕೆ ಬಳಿದ ಕೆಂಪು ಬಣ್ಣದಲ್ಲಿ ಒಂದು ಕಲೆಯಿಲ್ಲ, ಯಾವ ಬಿರಡೆ ಎಲ್ಲಿದೆಯೆಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಕೆಳಗೆ ತಿರುಪಿದೆಯೋ ಇಲ್ಲವೋ ಎಂದು ಆಯಸ್ಕಾಂತ ಹಿಡಿದು ನೋಡುವಂತೆಯೂ ಇಲ್ಲ, ಕಂಚಿನ ತಿರುಪು ಅದಕ್ಕೆಲ್ಲ ಸೊಪ್ಪು ಹಾಕುವುದಿಲ್ಲ.

ಅಲ್ಲಿ ಮೂರು ಬಗೆಯ ದೋಣಿ ಮಾಡುತ್ತಿದ್ದರು. ಮೂರಕ್ಕೂ ಅಜ್ಜನ ಕಾಲದ ಚೆಲುವು, ಹೊಟ್ಟೆಯೊಳಗೆ ಈ ಕಾಲದ ಇಂಜಿನ್. ಕ್ಯಾಟಲಾಗಿನಲ್ಲಿ ಅವಕ್ಕೆ ರಾಜಕುಮಾರಿಯರ ಹೆಸರುಗಳಿದ್ದವು. ಶೆಡ್ಡಿನಲ್ಲಿ ಅವನ್ನು ಉಚ್ಚರಿಸಲು ಯಾರ ನಾಲಿಗೆಯೂ ಹೊರಳದೆ, ಇಬ್ಬರು ಕೂರುವ ಚಿಕ್ಕದು ತಂಗಿ, ಆರು ಜನರದು ಅಕ್ಕ, ಮಲಗುವ ಕೋಣೆಯಿದ್ದು ತಿರುಗಿಸಿದ ಕಡೆ ಸುಲಭಕ್ಕೆ ತಿರುಗದ ದೊಡ್ಡದು ಅತ್ತೆ ಎಂದಾಗಿತ್ತು. ಈಗ ನೀರಿಗಿಳಿಯಲು ಪಟ್ಟಿಯಲ್ಲಿ ತೂಗುತ್ತಿದ್ದುದು ಅಕ್ಕ. ಅದನ್ನು ಕೊಂಡವರು ಹೆಂಡತಿ, ಅಪ್ಪ, ಅಮ್ಮ ಸಮೇತ ಕಟ್ಟೆಯ ಮೇಲೆ ನಿಂತಿದ್ದರು. ಅಮ್ಮನಿಗೆ ಎಂಬತ್ತರ ಮೇಲಾಗಿತ್ತು, ಟೋಪಿ ಹಾರಿಹೋಗದಂತೆ ಗಲ್ಲದ ಕೆಳಗೆ ಕಟ್ಟಿಕೊಂಡು ತಯಾರಾಗಿದ್ದರು.

ನಿಂತ ನೀರಿನಲ್ಲಿ ಏನೂ ಆಗುವುದಿಲ್ಲ, ಬರೀ ಅಂಟೇ ಹಲಗೆಯನ್ನು ಹಿಡಿದುಕೊಳ್ಳುತ್ತದೆ. ಓಡುವಾಗ ಅಲೆ ಗುದ್ದುತ್ತದೆ. ಗುದ್ದಿ ಗುದ್ದಿ ಒಂದು ಸಲ ಹಲಗೆಯ ತುದಿ ಎದ್ದಿತೆಂದರೆ ಮುಗಿಯಿತು. ಅತ್ತಿಗೆ ಕಟ್ಟೆಯತ್ತ ನೋಡಿದಳು. ಹೇಳಿದರೆ ತನ್ನ ಕೆಲಸವೂ ಹೋಗುತ್ತದೆ, ಮೈದುನನದೂ ಹೋಗುತ್ತದೆ. ಹೇಳದಿದ್ದರೆ ಆ ಟೋಪಿಯ ಅಜ್ಜಿ ಹೋಗುತ್ತಾಳೆ. ಮೈದುನ ಬೇಡವೆನ್ನುವಂತೆ ಕಣ್ಣಲ್ಲೇ ಬೇಡುತ್ತಿದ್ದ. ಕ್ರೇನು ಗುರ್ರೆಂದಿತು.

"ನಿಲ್ಸಿ!" ಎಂದು ಕಿರುಚಿದಳು ಅತ್ತಿಗೆ. "ನಿಲ್ಸ್ರಪ್ಪಾ!"

ಶೆಡ್ಡಿನ ಯಜಮಾನರು ಎಲ್ಲವನ್ನೂ ಕೇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕೊಂಡವರಿಗೆ ಅರ್ಧ ಗಂಟೆ ತಡವೆಂದು ನಗುನಗುತ್ತ ಹೇಳಿಬಂದು, ಡ್ರಿಲ್ಲನ್ನು ಮೈದುನನ ಕೈಗಿತ್ತರು. "ಹನ್ನೆರಡರಿಂದ ತೆಗಿ."

ಹಲಗೆಯನ್ನು ಅಳೆದು ಗುರುತು ಮಾಡಿ, ಹನ್ನೆರಡನೆಯದಕ್ಕೆ ಮೊನೆ ಇಟ್ಟ. ಕೆಂಪು ಪುಡಿ ಉದುರಿತು, ಆಮೇಲೆ ಮರದ ಪುಡಿ, ಆಮೇಲೆ ಕಿರ್ರೆಂದು ಸದ್ದಾಗಿ ಹಳದಿಯ ಹೊಳಪು. ತಿರುಪು ಇತ್ತು! ಹದಿಮೂರರಲ್ಲೂ ಇತ್ತು. ಇಪ್ಪತ್ತರಲ್ಲೂ. ಇಪ್ಪತ್ತಾರನೆಯದೂ ಕಿರ್ರೆಂದಾಗ ಕ್ರೇನಿನವನು ಮೊದಲು ನಕ್ಕ, ಅವನ ಹಿಂದೆ ಎಲ್ಲರೂ.

"ನನ್ನ ಜೀವ ತೆಗೆದ್ರಲ್ಲ ಇಬ್ರೂ ಸೇರಿ!" ಎಂದು ಯಜಮಾನರು ಅಲ್ಲೇ ಒಂದು ಡಬ್ಬದ ಮೇಲೆ ಕುಸಿದು ಕೂತರು. "ಇದಕ್ಕೆಲ್ಲ ಮತ್ತೆ ಬಣ್ಣ ಯಾರು ನಿಮ್ಮಪ್ಪ ಬಳೀತಾನಾ?"

ಅತ್ತಿಗೆಯೂ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹೋದ ಜೀವ ಬಂದಂತಾಗಿ ಮೈದುನನ ಬೆನ್ನಿಗೊಂದು ಗುದ್ದಲು ತಿರುಗಿದರೆ, ಅವನೊಬ್ಬ ನಗುತ್ತಿರಲಿಲ್ಲ. ಡ್ರಿಲ್ಲನ್ನು ಎದೆಗೆ ಅವುಚಿಕೊಂಡು ನಿಂತಿದ್ದ.

"ಹನ್ನೊಂದಕ್ಕೇ ನಿಲ್ಸಿದ್ದು ನಿಜ ಅತ್ತಿಗೆ," ಎಂದ. "ಮಗಳಾಣೆಗೂ ನಿಜ. ಆ ವಾರ ಎರಡು ದೋಣಿ ಪಕ್ಕಪಕ್ಕ ಮಗುಚಿ ಇಟ್ಟಿದ್ರು. ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಓಡಾಡ್ತಿದ್ದೆ."

"ಇನ್ನೊಂದು ಯಾವುದು?" ಎಂದು ಯಜಮಾನರು ಕೇಳಿದರು. ಕೇಳುತ್ತಲೇ ಅವರಿಗೂ ನೆನಪಾಗಿರಬೇಕು, ಎದ್ದು ನಿಂತರು.

ಇನ್ನೊಂದು ತಂಗಿ. ಅದನ್ನು ನಿವೃತ್ತ ಡಾಕ್ಟರೂ ಅವರ ಹೆಂಡತಿಯೂ ಒಯ್ದು ಇಪ್ಪತ್ತು ದಿನವಾಗಿತ್ತು.

ಯಜಮಾನರ ಬೆರಳಿಗೆ ನಂಬರು ಸಿಗಲಿಲ್ಲ, ಮೂರು ಸಲ ಒತ್ತಿದರು. ಕೊನೆಗೂ ಸ್ಪೀಕರಿನಿಂದ ಗಾಳಿಯ ಭೋರು, ಇಂಜಿನ್ನಿನ ಸದ್ದು, ಅದರ ನಡುವೆ ಡಾಕ್ಟರ ಹೆಂಡತಿಯ ಗಟ್ಟಿ ದನಿ ಕೇಳಿತು.

"ನೂರು ವರ್ಷ ಆಯಸ್ಸು ನಿಮಗೆ! ಈಗಷ್ಟೇ ನಿಮ್ಮ ಮಾತೇ ಆಡ್ತಿದ್ವಿ. ಹಾರ್ತಾ ಇದೆ ನಿಮ್ಮ ದೋಣಿ!"

"ಎಲ್ಲಿದೀರಮ್ಮ?"

"ನಡುನೀರಲ್ಲಿ. ದ್ವೀಪ ದಾಟಿ ಬಂದಿದೀವಿ."

"ಸಾಹೇಬ್ರಿಗೆ ವೇಗ ಇಳಿಸೋಕೆ ಹೇಳಿ. ಹೀಗೇ, ನಡಕೊಂಡು ಬಂದ ಹಾಗೆ ದ್ವೀಪದ ಕಡೆ ಬನ್ನಿ. ಸಣ್ಣದೊಂದು ಪರೀಕ್ಷೆ ಇದೆ. ಲೈಫ್ ಜಾಕೆಟ್ ಹಾಕ್ಕೊಂಡಿರಿ."

"ಆಯ್ತು, ಹೇಳ್ತೀನಿ. ಅಂದ ಹಾಗೆ, ಕಾಲಡಿ ಸ್ವಲ್ಪ ನೀರು ಬಂದಿದೆ. ಅದು ಮಾಮೂಲಾ?"

"ಮಾಮೂಲು, ಮಾಮೂಲು. ಪಂಪು ಹಾಕಿ ಅಷ್ಟೆ," ಎಂದರು ಯಜಮಾನರು ಬೆಣ್ಣೆಯಂಥ ದನಿಯಲ್ಲಿ. ಇನ್ನೊಂದು ಕೈಯನ್ನು ಹುಚ್ಚು ಹಿಡಿದವರ ಹಾಗೆ ಬೀಸುತ್ತಿದ್ದರು. ಮೈದುನ ಆಗಲೇ ಓಡಿದ್ದ. ಶೆಡ್ಡಿನ ಹಳೆಯ ಕೆಲಸದ ದೋಣಿ ಹೊಗೆ ಕಾರುತ್ತ ಕಟ್ಟೆ ಬಿಟ್ಟಿತು. ಅದು ಎಷ್ಟು ಓಡಿದರೂ ಅಲ್ಲಿಗೆ ಇಪ್ಪತ್ತು ನಿಮಿಷ. ಯಜಮಾನರು ಇನ್ನೊಂದು ಫೋನಿನಿಂದ ರಕ್ಷಣಾ ದಳದವರಿಗೆ ಹೇಳಬೇಕಿತ್ತು. ಕೈಯಲ್ಲಿದ್ದುದನ್ನು ಅತ್ತಿಗೆಯ ಕೈಗೆ ತುರುಕಿದರು.

"ಮಾತಾಡ್ಸ್ತಾ ಇರಿ," ಎಂದು ತುಟಿಯಲ್ಲೇ ಅಂದರು. "ಹೆದರಿಸಬೇಡಿ."

"ಹಲೋ? ಯಾರು?" ಎಂದಿತು ಫೋನು.

"ನಾನಮ್ಮ, ಇಲ್ಲಿ ಕೆಲಸದವಳು. ನಿಮ್ಮ ದೋಣಿಗೆ ಬಿರಡೆ ಹೊಡೆದವಳು." ಮುಂದೇನು ಹೇಳಬೇಕೆಂದು ತೋಚಲಿಲ್ಲ. "ತಿನ್ನೋಕೆ ಏನೇನ್ ತಗೊಂಡು ಹೋಗಿದೀರಿ?"

ಡಾಕ್ಟರ ಹೆಂಡತಿ ಜೋರಾಗಿ ನಕ್ಕು, ಬುಟ್ಟಿ ತೆರೆದು ಒಂದೊಂದೇ ಹೇಳತೊಡಗಿದರು. ಅತ್ತಿಗೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡು, ಹೂಂ ಅಮ್ಮ, ಆಮೇಲೆ, ಆಮೇಲೆ ಎನ್ನುತ್ತ, ಆ ಮಾತಿನ ಹಿಂದೆ ನಿಧಾನವಾಗಿ ಗುಡುಗುಡು ಎನ್ನುತ್ತಿದ್ದ ಇಂಜಿನ್ನನ್ನು ಕೇಳುತ್ತಿದ್ದಳು.