ಕಪಾಟಿಗೆ ಹೋಗಬೇಕಿದ್ದ ರಕ್ತ

ರಕ್ತ ಕೊಟ್ಟವರು ಸ್ವಲ್ಪ ಹೊತ್ತು ಕೂತು, ಜ್ಯೂಸ್ ಕುಡಿದು ಹೋಗಬೇಕು ಎನ್ನುವುದು ಆಸ್ಪತ್ರೆಯ ರಕ್ತನಿಧಿಯ ನಿಯಮ. ಅವನಿಗೆ ಕೂರಲಾಗಲಿಲ್ಲ. ಎದ್ದ, ಕೂತ, ಕಿಟಕಿಯವರೆಗೆ ಹೋಗಿ ಬಂದ. ಎದುರಿಗೆ ಭಾವ ಫೋನಿನಲ್ಲಿ ಬಂಧುಬಳಗಕ್ಕೆಲ್ಲ ಡಂಗುರ ಸಾರುತ್ತಿದ್ದ.

"ನನ್ ಬಾಮೈದನೇ ಕೊಟ್ಟಿದ್ದು. ಅಕ್ಕಂಗೆ ತಮ್ಮನ ರಕ್ತ. ಇನ್ನೇನ್ ಬೇಕು ಹೇಳಿ!"

ಅಕ್ಕ ಮೇಲಿನ ಮಹಡಿಯಲ್ಲಿದ್ದಳು. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಂತಿರಲಿಲ್ಲ.

ಸೂಜಿ ಚುಚ್ಚುವ ಮೊದಲು ಕೌನ್ಸೆಲರ್ ಮೇಡಂ ಅವನೊಬ್ಬನನ್ನೇ ಒಳಗೆ ಕೂರಿಸಿಕೊಂಡು ಕೇಳಿದ್ದರು. ಕಾಮಾಲೆ ಆಗಿತ್ತಾ? ಹಚ್ಚೆ? ಇತ್ತೀಚೆಗೆ ಹೊಸಬರ ಜೊತೆ ಮಲಗಿದ್ದುಂಟಾ? ಬಾಗಿಲಾಚೆ ಭಾವನ ಕೆಮ್ಮು ಕೇಳಿಸುತ್ತಿತ್ತು. ಇಲ್ಲ, ಇಲ್ಲ, ಇಲ್ಲ ಎಂದುಬಿಟ್ಟಿದ್ದ. ಹೇಗೂ ಟೆಸ್ಟ್ ಮಾಡುತ್ತಾರಲ್ಲ.

"ಹೊಸದಾಗಿ ತಗುಲಿದ ಸೋಂಕು ಟೆಸ್ಟಿಗೂ ಸಿಗಲ್ಲ," ಎಂದಿದ್ದರು ಮೇಡಂ. "ಕೊಟ್ಟಮೇಲೆ ಮನಸ್ಸು ಕೊರೆದ್ರೂ ಬಂದು ಒಂದ್ ಮಾತು ಹೇಳಿ. ಕಾರಣ ಕೇಳಲ್ಲ."

ಹೋದ ವಾರದ ಆ ಲಾಡ್ಜಿನ ಕೋಣೆ ಈಗ ಕಣ್ಣಮುಂದಿನಿಂದ ಸರಿಯುತ್ತಿಲ್ಲ. ಬಾಗಿಲನ್ನೂ ತಟ್ಟದೆ ಮೇಡಂ ಕೋಣೆಗೆ ನುಗ್ಗಿದ.

"ಮೇಡಂ, ನಂದು ಅಕ್ಕಂಗೆ ಹಾಕ್ಬೇಡಿ."

"ನಿಮ್ದನ್ನ ಅವರಿಗೆ ಹಾಕಲ್ಲಪ್ಪ. ಅವರಿಗೆ ಆಗ್ಲೇ ಬೇರೆಯವರದು ಏರಿಸ್ತಿದಾರೆ. ನಿಮ್ದು ಟೆಸ್ಟ್ ಆಗಿ ಫ್ರಿಜ್ ಕಪಾಟಿಗೆ ಹೋಗುತ್ತೆ, ಮುಂದೆ ಬೇಕಾದವರಿಗೆ."

"ಅಬ್ಬಾ!" ಅವನಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಸರಿ ಬಿಡಿ."

"ಸರಿನಾ?"

"ಅಂದ್ರೆ... ಅಕ್ಕಂಗಲ್ವಲ್ಲ."

ಮೇಡಂ ಬೈಯಲಿಲ್ಲ. ಗಾಜಿನಾಚೆಗೆ ಕಣ್ಣು ಹಾಯಿಸಿದರು. "ಬೆಂಚ್ ಮೇಲೆ ಕೂತಿರೋರೆಲ್ಲ ರಕ್ತಕ್ಕೇ ಕಾಯ್ತಿರೋದು. ಯಾರ ಮನೆಯವರಿಗೆ ಕೊಡ್ಲಿ? ನೀವೇ ತೋರ್ಸಿ."

ಚಪ್ಪಲಿ ಕಳಚಿ ಪಾದ ತಿಕ್ಕಿಕೊಳ್ಳುತ್ತಿದ್ದ ಮುದುಕ. ಬಾಯಿ ತೆರೆದು ನಿದ್ದೆಹೋಗಿದ್ದ ದಪ್ಪ ಹೆಂಗಸು. ಫ್ಲಾಸ್ಕ್ ಅಪ್ಪಿಕೊಂಡು ಕೂತಿದ್ದವನೊಬ್ಬ, ತನ್ನದೇ ವಯಸ್ಸಿನವನು. ಅವನ ಕಾಲೂ ಒಂದೇ ಸಮನೆ ಅಲುಗುತ್ತಿತ್ತು.

"ಯಾರಿಗೂ ಬೇಡ ಮೇಡಂ."

ಅವರು ಒಳಕೋಣೆಗೆ ಫೋನ್ ಮಾಡಿ ಚೀಲದ ನಂಬರ್ ಹೇಳಿದರು. "ಇದನ್ನ ತೆಗೆದುಬಿಡಿ." ಅಷ್ಟೇ. ಆಮೇಲೆ ಅವನಿಗೆ, "ಇವತ್ತಿಂದು ಏನೇ ಬರ್ಲಿ, ಮುಂದಿನ ತಿಂಗಳು ಬಂದು ಇನ್ನೊಂದ್ಸಲ ಟೆಸ್ಟ್ ಮಾಡಿಸ್ಕೊಳ್ಳಿ. ನಾನೇ ಇರ್ತೀನಿ."

ಹೊರಗೆ ಬಂದರೆ ಭಾವ ಬೆನ್ನಿಗೊಂದು ಗುದ್ದಿದ. "ಎಲ್ಲೋ ಹಾಳಾಗ್ಹೋಗಿದ್ದೆ? ನಿಮ್ಮಕ್ಕನ ಮುಖಕ್ಕೆ ಕಳೆ ಬಂತಂತೆ! ನಿನ್ ರಕ್ತ ಕಣೋ!"

"ನಂದಲ್ಲ ಭಾವ."

"ಮತ್ತಿನ್ಯಾರದ್ದೋ?"

"ಗೊತ್ತಿಲ್ಲ. ಯಾರದ್ದೋ."

"ತಲೆ ತಿರುಗಿದೆ ನಿಂಗೆ," ಎಂದು ನಗುತ್ತ ಭಾವ ಮುಂದಿನ ನಂಬರ್ ಒತ್ತತೊಡಗಿದ. ಇವನು ಫೋನ್ ಕಿತ್ತುಕೊಂಡ.

"ನಿಜವಾಗ್ಲೂ ನಂದಲ್ಲ. ನನ್ ರಕ್ತ ಅಂತ ಯಾರಿಗೂ ಹೇಳ್ಬೇಡಿ ಭಾವ, ಕೈ ಮುಗೀತೀನಿ."

ಭಾವನ ನಗು ಅರ್ಧಕ್ಕೇ ನಿಂತಿತು. ಇವನು ಎರಡೆರಡು ಮೆಟ್ಟಿಲು ಹಾರುತ್ತ ಅಕ್ಕನ ಮಹಡಿಗೆ ಓಡಿದ.